ಬಾದಶಾಹನ ಕೈಗೆ ನೀರು ಹಾಕುತ್ತಿದ್ದವನು

1542ನೇ ಇಸವಿ. ಸಿಂಧ್ ಮರಳುಗಾಡಿನ ಅಂಚಿನಲ್ಲಿರುವ ಅಮರಕೋಟೆ. ಹಿಂದೂಸ್ತಾನದ ಬಾದಶಾಹ ಹುಮಾಯೂನ್ ತಾನು ಉಟ್ಟಿದ್ದ ಬಟ್ಟೆ ಬಿಚ್ಚಿ ಒಗೆಯಲು ಕೊಟ್ಟ. ಅದು ಒಣಗುವ ತನಕ ಒಂದು ನಿಲುವಂಗಿ ತೊಟ್ಟು ಡೇರೆಯೊಳಗೆ ಕೂತಿದ್ದ. ಆಗ ಎಲ್ಲಿಂದಲೋ ಒಂದು ಚೆಂದದ ಹಕ್ಕಿ ಒಳಗೆ ಹಾರಿ ಬಂತು. ಕೂಡಲೇ ಡೇರೆಯ ಬಾಗಿಲು ಮುಚ್ಚಿಸಿ ಹಿಡಿದರು. ಬಾದಶಾಹ ಕತ್ತರಿ ತೆಗೆದುಕೊಂಡು ಅದರ ಕೆಲವು ಗರಿ ಕತ್ತರಿಸಿದ. ಚಿತ್ರಗಾರನನ್ನು ಕರೆಸಿ ಅದರ ಚಿತ್ರ ಬರೆಸಿದ. ಆಮೇಲೆ ಹಕ್ಕಿಯನ್ನು ಬಿಟ್ಟುಬಿಟ್ಟ.

ರಾಜ್ಯ ಕಳೆದುಕೊಂಡವನು, ಹಾಕಿಕೊಳ್ಳಲು ಇನ್ನೊಂದು ಜೊತೆ ಬಟ್ಟೆಯೂ ಕೈಗೆ ಸಿಗದ ಸ್ಥಿತಿಯಲ್ಲಿದ್ದವನು. ಆದರೂ ಹಕ್ಕಿ ನೋಡಿದರೆ ಚಿತ್ರಗಾರನನ್ನು ಕರೆಸುವ ಮನಸ್ಸು ಉಳಿದಿತ್ತು. ಹುಮಾಯೂನ್ ಎಂಥ ಮನುಷ್ಯ ಅಂತ ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಇದೇ. ಇದನ್ನು ನಮಗೆ ಹೇಳಿದವನು ಮಂತ್ರಿಯಲ್ಲ, ಆಸ್ಥಾನ ಕವಿಯೂ ಅಲ್ಲ. ಬಾದಶಾಹನ ಕೈಗೆ ನೀರು ಹಾಕುತ್ತಿದ್ದ ಆಳು. ಹೆಸರು ಜೌಹರ್. ಜೌಹರ್ ಆಫ್ತಾಬ್ಚಿ.

ದೊರೆಯ ಪಕ್ಕದಲ್ಲೇ ನಿಂತ ಒಬ್ಬ ಸೇವಕನಿಗೆ ಅರಮನೆ ಹೇಗೆ ಕಾಣುತ್ತದೆ, ಅವನ ಮಾತನ್ನು ನಾವು ಎಷ್ಟು ನಂಬಬಹುದು, ಎಲ್ಲಿ ಹುಷಾರಾಗಿರಬೇಕು ಅನ್ನುವುದನ್ನು ಇವನನ್ನೇ ಹಿಡಿದು ನೋಡೋಣ. ಮೊಗಲರ ಇತಿಹಾಸ ಅಂದರೆ ನಮಗೆ ಶಾಲೆಯಲ್ಲಿ ಸಿಕ್ಕಿದ್ದು ಯುದ್ಧ ಮತ್ತು ಇಸವಿ. ಜೌಹರ್ ತೋರಿಸುವುದು ಬೇರೆ.

ಮೊದಲು ಅವನ ಕೆಲಸದ ಹೆಸರು. ಆಫ್ತಾಬಾ ಅಂದರೆ ಕೊಕ್ಕಿರುವ ನೀರಿನ ಪಾತ್ರೆ. ಹೆಚ್ಚುಕಮ್ಮಿ ನಮ್ಮ ಗಿಂಡಿ, ಆದರೆ ಕತ್ತು ಉದ್ದ, ಹಿಡಿ ಇರುತ್ತದೆ. ನಮ್ಮ ಬೀದರ್‌ನ ಬಿದರಿ ಕೆಲಸದಲ್ಲೂ ಇಂಥ ಪಾತ್ರೆಗಳನ್ನು ಮಾಡುತ್ತಿದ್ದರು, ಕಪ್ಪು ಲೋಹದ ಮೇಲೆ ಬೆಳ್ಳಿ ಹೂಬಳ್ಳಿ ಕೂರಿಸಿ. ಇನ್ನು ಕೊನೆಯ 'ಚಿ' ತುರ್ಕಿ ಭಾಷೆಯಿಂದ ಬಂದದ್ದು, ಆ ಕೆಲಸ ಮಾಡುವವನು ಅಂತ ಅರ್ಥ. ಇದು ನಮಗೆ ಹೊಸದೇನಲ್ಲ. ಖಜಾನೆ ನೋಡಿಕೊಳ್ಳುವವನು ಖಜಾಂಚಿ, ತಬಲ ಬಾರಿಸುವವನು ತಬಲ್ಚಿ, ದೀವಟಿಗೆ ಹಿಡಿಯುವವನು ಮಶಾಲ್ಚಿ ಅನ್ನುತ್ತೇವಲ್ಲ, ಅದೇ ಸಾಲಿನಲ್ಲಿ ಆಫ್ತಾಬ್ಚಿ.

ಕೆಲಸ ಹೇಳಲು ಸುಲಭ. ಊಟಕ್ಕೆ ಮುಂಚೆ, ಊಟವಾದ ಮೇಲೆ ಕೈಗೆ ನೀರು ಹಾಕಬೇಕು. ನಮಾಜಿಗೆ ಮೊದಲು ಕೈ, ಮುಖ, ಕಾಲು ತೊಳೆಯಲು ನೀರು. ದಿನಕ್ಕೆ ಐದು ಹೊತ್ತು ನಮಾಜು ಅಂದರೆ ಲೆಕ್ಕ ಹಾಕಿ. ಬೆಳಿಗ್ಗೆ ಎದ್ದಾಗ ಮುಖಕ್ಕೆ ನೀರು. ಸ್ನಾನಕ್ಕೆ ನೀರು. ಕೆಳಗೆ ಬೋಗುಣಿ ಇಟ್ಟು, ಮೇಲಿನಿಂದ ಸಣ್ಣಗೆ ಧಾರೆ ಬಿಡಬೇಕು. ಹಿಂದೆ ನಮ್ಮ ಮದುವೆ ಮನೆಗಳಲ್ಲಿ ಬಂದವರಿಗೆ ಕೈಕಾಲು ತೊಳೆಯಲು ನೀರು ಕೊಡುವುದಕ್ಕೆ ಅಂತಲೇ ಒಬ್ಬರು ನಿಂತಿರುತ್ತಿದ್ದರು. ಅವರ ಮುಖ ಯಾರೂ ಸರಿಯಾಗಿ ನೋಡುತ್ತಿರಲಿಲ್ಲ. ಆದರೆ ಯಾರು ಯಾರ ಜೊತೆ ಬಂದರು, ಯಾರು ಯಾರ ಹತ್ತಿರ ಮಾತು ಬಿಟ್ಟಿದ್ದಾರೆ ಅನ್ನುವುದು ಅವರಿಗೆ ಗೊತ್ತಿರುತ್ತಿತ್ತು, ಅಲ್ವಾ?

ಆಫ್ತಾಬ್ಚಿಯ ಜಾಗವೂ ಹಾಗೇ. ದೊಡ್ಡ ದೊಡ್ಡ ಸರದಾರರು ಅಪ್ಪಣೆ ಸಿಗುವ ತನಕ ದೂರ ನಿಲ್ಲಬೇಕು. ಇವನು ಮಾತ್ರ ದಿನಕ್ಕೆ ಹತ್ತು ಸಲ ಬಾದಶಾಹನ ಕೈಗೆಟುಕುವ ದೂರದಲ್ಲಿ ಇರುತ್ತಾನೆ. ಬಾದಶಾಹ ಆಯುಧ ಬಿಚ್ಚಿಟ್ಟಿರುತ್ತಾನೆ, ಎರಡೂ ಕೈ ಒದ್ದೆ, ಕಣ್ಣಿಗೆ ನೀರು. ಮನುಷ್ಯ ಇದಕ್ಕಿಂತ ನಿರಾಯುಧನಾಗಿ ಇರುವ ಹೊತ್ತು ಕಡಿಮೆ. ಹಾಗಾಗಿ ಈ ಕೆಲಸಕ್ಕೆ ನಂಬಿಕಸ್ಥರೇ ಬೇಕು.

ಆ ನಂಬಿಕೆ ತಪ್ಪಿದರೆ ಏನಾಗುತ್ತಿತ್ತು ಅನ್ನುವುದು ಹುಮಾಯೂನನ ಅಪ್ಪ ಬಾಬರನ ಕಾಲದಲ್ಲೇ ನಡೆದಿತ್ತು. ಪಾಣಿಪತ್ ಯುದ್ಧದಲ್ಲಿ ಸತ್ತ ಇಬ್ರಾಹಿಂ ಲೋದಿಯ ತಾಯಿ 1526ರ ಡಿಸೆಂಬರಿನಲ್ಲಿ ಅಡಿಗೆಯವನನ್ನು ಒಳಗೆ ಹಾಕಿಕೊಂಡು ಬಾಬರನ ಊಟಕ್ಕೆ ವಿಷ ಬೆರೆಸಿದಳು. ಅವನು ವಾಂತಿ ಮಾಡಿಕೊಂಡು ಬದುಕಿದ. ಆಮೇಲೆ ರುಚಿ ನೋಡುವ ಆಳನ್ನು ತುಂಡು ತುಂಡು ಮಾಡಿಸಿದ, ಅಡಿಗೆಯವನ ಚರ್ಮ ಸುಲಿಸಿದ. ಇದನ್ನು ಬಾಬರ್ ತಾನೇ ಬರೆದುಕೊಂಡಿದ್ದಾನೆ. ಅರಮನೆಯ ಒಳಗಿನ ಆಳಾಗಿರುವುದು ಅಂದರೆ ಸುಮ್ನೆ ಅಲ್ಲ. ದೊರೆಯ ಅನ್ನ, ನೀರು, ಹಾಸಿಗೆ ಮುಟ್ಟುವವನ ಕತ್ತಿನ ಮೇಲೆ ಯಾವಾಗಲೂ ಕತ್ತಿ ಇರುತ್ತಿತ್ತು.

ಕತೆ ಅರ್ಥವಾಗಲು ಸ್ವಲ್ಪ ಹಿನ್ನೆಲೆ ಬೇಕು, ಬೇಗ ಹೇಳಿ ಮುಗಿಸುತ್ತೇನೆ. ಹುಮಾಯೂನ್ 1530ರಲ್ಲಿ ಪಟ್ಟಕ್ಕೆ ಬಂದ. 1539ರಲ್ಲಿ ಚೌಸಾದಲ್ಲಿ, 1540ರಲ್ಲಿ ಕನೌಜಿನ ಹತ್ತಿರ, ಎರಡು ಸಲ ಆಫ್ಘನ್ ನಾಯಕ ಶೇರ್ ಶಾನ ಕೈಲಿ ಸೋತ. ಚೌಸಾದಲ್ಲಿ ಗಂಗೆಯಲ್ಲಿ ಮುಳುಗುತ್ತಿದ್ದವನನ್ನು ಗಾಳಿ ತುಂಬಿದ ತೊಗಲಿನ ತಿತ್ತಿ ಕೊಟ್ಟು ದಡ ಸೇರಿಸಿದವನು ನಿಜಾಮ್ ಅನ್ನುವ ಒಬ್ಬ ಭಿಸ್ತಿ, ನೀರು ಹೊರುವವನು. ಅದಕ್ಕೆ ಪ್ರತಿಯಾಗಿ ಆಗ್ರಾದಲ್ಲಿ ಅವನನ್ನು ಸಿಂಹಾಸನದ ಮೇಲೆ ಕೂರಿಸಿದ. ಮುಂದೆ ಅಕ್ಬರನ ಆಸ್ಥಾನದ ಇತಿಹಾಸಕಾರನಾದ ಅಬುಲ್ ಫಜಲ್ ಅರ್ಧ ದಿನ ಅನ್ನುತ್ತಾನೆ, ಹುಮಾಯೂನನ ತಂಗಿ ಗುಲ್ಬದನ್ ಬೇಗಂ ಎರಡು ದಿನ ಅನ್ನುತ್ತಾಳೆ. ಕನೌಜಿನ ಸೋಲಿನ ನಂತರ ಹದಿನೈದು ವರ್ಷ ಲಾಹೋರು, ಸಿಂಧ್, ರಾಜಸ್ಥಾನದ ಮರಳುಗಾಡು, ಇರಾನ್, ಕಾಬೂಲ್ ಅಂತ ಅಲೆದ. 1555ರಲ್ಲಿ ದೆಹಲಿಗೆ ಮರಳಿ ಬಂದ, 1556ರ ಜನವರಿಯಲ್ಲಿ ತನ್ನ ಪುಸ್ತಕಾಲಯದ ಮೆಟ್ಟಿಲಿನಿಂದ ಬಿದ್ದು ತೀರಿಕೊಂಡ. ಆ ಅಲೆದಾಟದಲ್ಲಿ ಗಿಂಡಿ ಹಿಡಿದು ಜೊತೆಗಿದ್ದವನು ಜೌಹರ್.

ಇಲ್ಲಿ ಒಂದು ವಿಷಯ ಗಮನಿಸಬೇಕು. ಸಾಮ್ರಾಜ್ಯ ಗಟ್ಟಿಯಾಗಿದ್ದಾಗ ಬಾದಶಾಹನ ಸುತ್ತ ಸಾವಿರಾರು ಜನ. ಒಬ್ಬೊಬ್ಬರಿಗೂ ಒಂದೊಂದೇ ಕೆಲಸ, ಗೋಡೆಯ ಮೇಲೆ ಗೋಡೆ. ಸಾಮ್ರಾಜ್ಯ ಕರಗಿದಾಗ ಆ ಗೋಡೆಗಳೆಲ್ಲ ಬಿದ್ದು ಹೋಗುತ್ತವೆ. ಆಗ ನೀರು ಹಾಕುವವನೇ ಖಜಾನೆಯನ್ನೂ ನೋಡಿಕೊಳ್ಳುತ್ತಾನೆ, ಸುದ್ದಿಯನ್ನೂ ಒಯ್ಯುತ್ತಾನೆ. ಜೌಹರ್‌ಗೆ ಅಷ್ಟೊಂದು ಕಾಣಿಸಿದ್ದು ಅವನ ದೊರೆ ಸೋತಿದ್ದರಿಂದ. ಗೆದ್ದ ದೊರೆಯ ಆಳಾಗಿದ್ದರೆ ಇಷ್ಟು ಹತ್ತಿರದ ನೋಟ ಸಿಗುತ್ತಿರಲಿಲ್ಲ ಅನ್ನುವುದು ನನ್ನ ಅನಿಸಿಕೆ.

ಮರಳುಗಾಡಿನ ಪ್ರಯಾಣ ನೋಡಿ. ಜೋಧಪುರದ ಮಾಲ್‌ದೇವನಿಂದ ಸಹಾಯ ಸಿಗುತ್ತದೆ ಅಂತ ಹೋದವರು ಅಪಾಯದ ವಾಸನೆ ಹೊಡೆದು ತಿರುಗಿ ಬಂದರು. ಜೈಸಲ್ಮೇರಿನ ಕಡೆಯವರು ದಾರಿಯ ಬಾವಿಗಳಿಗೆ ಮರಳು ತುಂಬಿಸಿದ್ದರು. ಸಿಕ್ಕ ಬಾವಿಗಳೋ ಪಾತಾಳ. ನೀರು ಸೇದುವ ಎತ್ತು ಹಗ್ಗ ಎಳೆಯುತ್ತಾ ಎಷ್ಟು ದೂರ ಹೋಗಬೇಕಿತ್ತೆಂದರೆ, ಬಾನಿ ಮೇಲೆ ಬಂತು ಅಂತ ಎತ್ತು ಹೊಡೆಯುವವನಿಗೆ ಕೂಗಿದರೆ ಕೇಳಿಸುತ್ತಿರಲಿಲ್ಲ, ನಗಾರಿ ಬಾರಿಸಬೇಕಿತ್ತು. ಬಾನಿ ಕಂಡ ಕೂಡಲೇ ಜನ ಅದರ ಮೇಲೆ ಬೀಳುತ್ತಿದ್ದರು, ಹಗ್ಗ ಹರಿದು ಬಾನಿಯ ಜೊತೆ ಮನುಷ್ಯರೂ ಬಾವಿಗೆ ಬೀಳುತ್ತಿದ್ದರು.

ಆ ದಾರಿಯಲ್ಲಿ ಹುಮಾಯೂನನಿಗೆ ಸಾಲ ಕೊಟ್ಟಿದ್ದ ಒಬ್ಬ ವ್ಯಾಪಾರಿ ಬಾಯಾರಿ ಬಿದ್ದಿದ್ದ. ಬಾದಶಾಹ ಅವನ ಹತ್ತಿರ ನಿಂತು, ನನ್ನ ಸಾಲ ಮನ್ನಾ ಮಾಡಿದರೆ ನೀರು ಕೊಡುತ್ತೇನೆ ಅಂದ. ವ್ಯಾಪಾರಿ ಒಪ್ಪಿದ. ಸಾಕ್ಷಿಗಳನ್ನು ಕರೆಸಿ ಅವರ ಎದುರು ಸಾಲ ತೀರಿತು ಅಂತ ಮಾಡಿಸಿಕೊಂಡು ಆಮೇಲೆ ನೀರು ಕುಡಿಸಿದರು.

ನಾನು ಇದನ್ನು ಮೊದಲ ಸಲ ಓದಿದಾಗ ಎದೆ ಧಸಕ್ ಅಂತು. ಹಕ್ಕಿಯ ಚಿತ್ರ ಬರೆಸಿದವನೂ ಇವನೇ, ಸಾಯುವವನ ಹತ್ತಿರ ಚೌಕಾಸಿ ಮಾಡಿದವನೂ ಇವನೇ. ಜೌಹರ್ ಇದನ್ನು ಖಂಡಿಸುವುದಿಲ್ಲ, ಹೊಗಳುವುದೂ ಇಲ್ಲ. ನಡೆದದ್ದನ್ನು ಹೇಳಿ ಮುಂದೆ ಹೋಗುತ್ತಾನೆ. ಆದರೆ ನೀರನ್ನು ಅಳೆದು ಸುರಿಯುವುದೇ ಕೆಲಸವಾಗಿದ್ದವನು ಇಂಥದ್ದನ್ನು ನಲವತ್ತು ವರ್ಷ ಮರೆಯದೆ ಇಟ್ಟುಕೊಂಡಿದ್ದ ಅನ್ನುವುದೇ ನನಗೆ ಸಾಕು.

ಇನ್ನು ಅಕ್ಬರ್ ಹುಟ್ಟಿದ ಸುದ್ದಿ. ಹೆಂಡತಿ ಹಮೀದಾ ಬಾನು ಅಮರಕೋಟೆಯಲ್ಲಿ ಹೆತ್ತಾಗ ಹುಮಾಯೂನ್ ಅಲ್ಲಿರಲಿಲ್ಲ, ಕೆಲವು ಹರದಾರಿ ದೂರದಲ್ಲಿ ಬೀಡು ಬಿಟ್ಟಿದ್ದ. ಗಂಡುಮಗು ಆಯಿತು ಅಂತ ಸುದ್ದಿ ಬಂತು. ಮೊದಲ ಗಂಡು ಸಂತಾನ ಉಳಿಯದ ಮನೆ, ವಾರಸುದಾರ ಸಿಕ್ಕಿದ್ದಾನೆ. ಇಂಥ ಹೊತ್ತಲ್ಲಿ ಬಾದಶಾಹ ಸರದಾರರಿಗೆ ಕೈತುಂಬ ಉಡುಗೊರೆ ಕೊಡಬೇಕು, ಅದು ಪದ್ಧತಿ. ಹುಮಾಯೂನ್ ಜೌಹರ್‌ನನ್ನು ಕರೆದು, ನಿನ್ನ ಹತ್ತಿರ ಏನೇನು ಕೊಟ್ಟಿದ್ದೇನೆ ಅಂತ ಕೇಳಿದ. ಇನ್ನೂರು ಶಾಹ್ರುಖಿ ಬೆಳ್ಳಿ ನಾಣ್ಯ, ಒಂದು ಬೆಳ್ಳಿ ಕಡಗ, ಒಂದು ಕಸ್ತೂರಿ ಗಡ್ಡೆ. ಅಷ್ಟೇ. ನಾಣ್ಯ ಮತ್ತು ಕಡಗವನ್ನು ಅವುಗಳ ಒಡೆಯರಿಗೆ ವಾಪಸು ಕೊಡು ಅಂದ. ಪಿಂಗಾಣಿ ತಟ್ಟೆ ತರಿಸಿ ಅದರಲ್ಲಿ ಕಸ್ತೂರಿ ಒಡೆದು ಚೂರು ಚೂರು ಎಲ್ಲರಿಗೂ ಹಂಚಿದ. ಮಗ ಹುಟ್ಟಿದ್ದಕ್ಕೆ ಕೊಡಲು ನನ್ನ ಹತ್ತಿರ ಇರುವುದು ಇಷ್ಟೇ, ಈ ಡೇರೆಯಲ್ಲಿ ಕಸ್ತೂರಿ ಪರಿಮಳ ತುಂಬಿದ ಹಾಗೆ ಅವನ ಹೆಸರು ಜಗತ್ತಿನಲ್ಲೆಲ್ಲ ತುಂಬಲಿ ಅಂದನಂತೆ.

ಈ ಮಾತು ಎಲ್ಲ ಕಡೆ ಪ್ರಸಿದ್ಧ. ಆದರೆ ಎಲ್ಲರೂ ಕಸ್ತೂರಿಯ ಮಾತನ್ನು ಹೇಳಿ ಬಿಟ್ಟುಬಿಡುತ್ತಾರೆ. ನನಗೆ ಇಷ್ಟವಾಗುವುದು ಅದಕ್ಕೆ ಮುಂಚಿನ ಪಟ್ಟಿ. ಇನ್ನೂರು ನಾಣ್ಯ, ಕಡಗ ಒಂದು, ಕಸ್ತೂರಿ ಒಂದು. ಇದು ಲೆಕ್ಕ ಒಪ್ಪಿಸುವ ಆಳಿನ ನೆನಪು. ಬಾದಶಾಹ ಏನು ಹೇಳಿದ ಅನ್ನುವುದು ಕಾಲ ಕಳೆದ ಹಾಗೆ ಒಂದಿಷ್ಟು ಹೊಳಪು ಪಡೆದಿರಬಹುದು. ತನ್ನ ವಶದಲ್ಲಿ ಏನೇನಿತ್ತು ಅನ್ನುವುದನ್ನು ಮಾತ್ರ ಇಂಥವನು ತಪ್ಪುವುದಿಲ್ಲ.

ಒಂದು ಚೀಲದ ಕತೆಯೂ ಇದೆ, ಇದು ಇರಾನಿನಲ್ಲಿ ನಡೆದದ್ದು. ಅಲ್ಲಿನ ದೊರೆ ಶಾ ತಹಮಾಸ್ಪ್ ಹುಮಾಯೂನನಿಗೆ ಆಶ್ರಯ ಕೊಟ್ಟಿದ್ದ, ಆದರೆ ಸುಮ್ಮನೆ ಕೊಟ್ಟಿರಲಿಲ್ಲ. ತಮ್ಮ ಶಿಯಾ ಪಂಥಕ್ಕೆ ಬರಬೇಕು ಅಂತ ಒತ್ತಾಯವಿತ್ತು. ಜೌಹರ್ ಹೇಳುವ ಪ್ರಕಾರ ಒಂದು ಹಂತದಲ್ಲಿ ಸೌದೆ ಕಳಿಸಿ, ಒಪ್ಪದಿದ್ದರೆ ಇದರಲ್ಲೇ ಸುಡುತ್ತೇವೆ ಅಂತ ಹೇಳಿ ಕಳಿಸಿದ್ದರು. ಹುಮಾಯೂನನ ಹತ್ತಿರ ಆಗ ಉಳಿದಿದ್ದ ನಿಜವಾದ ಆಸ್ತಿ ಅಂದರೆ ವಜ್ರ ಮತ್ತು ಕೆಂಪು ಹರಳು. ಅವನ್ನು ಚೀಲದಲ್ಲಿ ಹಾಕಿ ಯಾವಾಗಲೂ ಮೈಮೇಲೇ ಇಟ್ಟುಕೊಂಡಿರುತ್ತಿದ್ದ. ನಮಾಜಿಗೆ ಕೈಕಾಲು ತೊಳೆಯುವಾಗ ಮಾತ್ರ ತೆಗೆದು ಪಕ್ಕಕ್ಕಿಡುತ್ತಿದ್ದ. ಒಂದು ದಿನ ತೊಳೆದುಕೊಂಡ, ಎದ್ದ, ಕುದುರೆ ಹತ್ತಿ ಹೊರಟುಹೋದ.

ಜೌಹರ್ ತನ್ನ ಕುದುರೆ ಹತ್ತಬೇಕು ಅನ್ನುವಷ್ಟರಲ್ಲಿ ನೆಲದ ಮೇಲೆ ಹೂವಿನ ಚಿತ್ತಾರದ ಹಸಿರು ಚೀಲ, ಪಕ್ಕದಲ್ಲಿ ಲೇಖನಿ ಇಡುವ ಡಬ್ಬಿ ಕಂಡವು. ಎತ್ತಿಕೊಂಡು ಬೆನ್ನಟ್ಟಿ ಹೋಗಿ ಕೊಟ್ಟ. ಬಾದಶಾಹ ಬೆಚ್ಚಿಬಿದ್ದ. ಮಗಾ, ಎಂಥ ಉಪಕಾರ ಮಾಡಿದೆ, ಇದು ಕಳೆದಿದ್ದರೆ ಈ ಇರಾನಿನ ದೊರೆಯ ಸಣ್ಣತನಕ್ಕೆ ನಾನು ಯಾವತ್ತೂ ತಲೆ ಬಾಗಿಸಿಕೊಂಡೇ ಇರಬೇಕಿತ್ತು, ಇನ್ನು ಮುಂದೆ ನೀನೇ ಇದನ್ನು ಜೋಪಾನ ಮಾಡು ಅಂದ.

ಯೋಚಿಸಿ ನೋಡಿ, ಆ ಕ್ಷಣದಲ್ಲಿ ಒಂದು ಸಾಮ್ರಾಜ್ಯ ವಾಪಸು ಸಿಗಬೇಕೋ ಬೇಡವೋ ಅನ್ನುವುದು ಒಬ್ಬ ಆಳಿನ ಮುಂದೆ ನೆಲದ ಮೇಲೆ ಬಿದ್ದಿತ್ತು. ಸುತ್ತ ಯಾರೂ ಇರಲಿಲ್ಲ ಅಂತಿಟ್ಟುಕೊಳ್ಳಿ. ಅವನು ಕುದುರೆ ತಿರುಗಿಸಬಹುದಿತ್ತು. ಮುಂದೆ ಇದೇ ರತ್ನಗಳಲ್ಲಿ ಅತಿ ದೊಡ್ಡ ವಜ್ರವನ್ನು ಮುತ್ತಿನ ಚಿಪ್ಪಿನ ಡಬ್ಬಿಯಲ್ಲಿಟ್ಟು ಶಾಗೆ ಕೊಟ್ಟಾಯಿತು, ಶಾನ ಸೈನ್ಯ ಜೊತೆಗೆ ಬಂತು, ಕಂದಹಾರ್ ಮತ್ತು ಕಾಬೂಲ್ 1545ರಲ್ಲಿ ಕೈಗೆ ಬಂದವು. ಯುದ್ಧದ ಕತೆ ಹೇಳುವವರು ಸೈನ್ಯದ ಲೆಕ್ಕ ಹೇಳುತ್ತಾರೆ. ಹಸಿರು ಚೀಲ ಎತ್ತಿಕೊಂಡವನು ಅದರ ಬಣ್ಣ ಹೇಳುತ್ತಾನೆ.

ಹಾಗಾದರೆ ಒಬ್ಬ ಆಳು ಪುಸ್ತಕ ಬರೆದದ್ದಾದರೂ ಯಾಕೆ? ಅಕ್ಬರ್ ತನ್ನ ಆಳ್ವಿಕೆಯ ಇತಿಹಾಸ ಬರೆಸಲು ಅಬುಲ್ ಫಜಲ್‌ಗೆ ಹೇಳಿದ. ಅದಕ್ಕೆ ಸಾಮಗ್ರಿ ಬೇಕಿತ್ತು. ಅಪ್ಪನ ಕಾಲವನ್ನು ಕಣ್ಣಾರೆ ಕಂಡ ಹಳಬರು ಯಾರು ಉಳಿದಿದ್ದಾರೋ ಅವರೆಲ್ಲ ನೆನಪಿದ್ದದ್ದನ್ನು ಬರೆದುಕೊಡಿ ಅಂತ ಅಪ್ಪಣೆಯಾಯಿತು. 1587ರ ಸುಮಾರಿಗೆ ಅತ್ತೆ ಗುಲ್ಬದನ್ ಬೇಗಂ ಬರೆದಳು, ಬಾಯಜೀದ್ ಬಯಾತ್ ಅನ್ನುವ ಹಳೆಯ ಅಧಿಕಾರಿ ಹೇಳಿ ಬರೆಸಿದ, ಜೌಹರ್ ಬರೆದ. ಹುಮಾಯೂನ್ ಸತ್ತು ಆಗಲೇ ಮೂವತ್ತು ವರ್ಷ ದಾಟಿತ್ತು. ಜೌಹರ್‌ನ ಪಾರ್ಸಿ ಬಹಳ ಸರಳ. ಆ ಕಾಲದವರಿಗೆ ಅದು ಸಾಲಲಿಲ್ಲ, ಇಲಾಹ್‌ದಾದ್ ಫೈಜಿ ಸರ್‌ಹಿಂದಿ ಅನ್ನುವ ವಿದ್ವಾಂಸ ಅದನ್ನೇ ಅಲಂಕಾರದ ಭಾಷೆಯಲ್ಲಿ ತಿದ್ದಿ ಬರೆದ. ನಮಗೆ ಈಗ ಬೇಕಾಗಿರುವುದು ಆ ಸರಳ ಬರಹವೇ.

ಆದರೆ ಎಲ್ಲವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಅಕ್ಬರ್ ಹುಟ್ಟಿದ ದಿನವನ್ನೇ ತೆಗೆದುಕೊಳ್ಳಿ. ಆಸ್ಥಾನದ ದಾಖಲೆ ಪ್ರಕಾರ 1542ರ ಅಕ್ಟೋಬರ್ 15. ಜೌಹರ್ ಹೇಳುವುದು ಹಿಜರಿ ಲೆಕ್ಕದ ಶಾಬಾನ್ ತಿಂಗಳ 14, ಅಂದರೆ ನವೆಂಬರ್ 23. ಅವತ್ತು ಹುಣ್ಣಿಮೆಯ ರಾತ್ರಿ, ಅದಕ್ಕೇ ಮಗುವಿಗೆ ಬದ್ರುದ್ದೀನ್ ಅಂತ ಹೆಸರಿಟ್ಟರು ಅನ್ನುತ್ತಾನೆ. ಬದ್ರ್ ಅಂದರೆ ಪೂರ್ಣಚಂದ್ರ. ಇತಿಹಾಸಕಾರ ವಿನ್ಸೆಂಟ್ ಸ್ಮಿತ್ ಆಳಿನ ಮಾತೇ ಸರಿ, ಆಸ್ಥಾನದವರು ಆಮೇಲೆ ದಿನ ಬದಲಿಸಿದ್ದಾರೆ ಅಂತ ವಾದಿಸಿದರು. ಜಾಸ್ತಿ ಜನ ಇವತ್ತು ಅಕ್ಟೋಬರ್ ದಿನವನ್ನೇ ಒಪ್ಪುತ್ತಾರೆ. ನನಗೂ ಜೌಹರ್ ಇಲ್ಲಿ ಎಡವಿದ್ದಾನೆ ಅನಿಸುತ್ತದೆ, ನಲವತ್ತೈದು ವರ್ಷದ ಹಿಂದಿನ ತಿಥಿ ಅದು. ಕೈಯಲ್ಲಿ ಹಿಡಿದ ವಸ್ತು, ಕಿವಿಗೆ ಬಿದ್ದ ಮಾತು, ಯಾರು ಯಾರ ಮೇಲೆ ಸಿಡುಕಿದರು ಅನ್ನುವುದರಲ್ಲಿ ಅವನನ್ನು ನಂಬಿ. ತಾರೀಕು, ಸೈನ್ಯದ ಸಂಖ್ಯೆ, ದೂರದ ಊರಿನ ರಾಜಕೀಯಕ್ಕೆ ಬೇರೆಯವರನ್ನೂ ಪಕ್ಕದಲ್ಲಿಟ್ಟು ಓದಿ. ಇನ್ನೊಂದು, ಅವನು ಬರೆದದ್ದು ಹುಮಾಯೂನನ ಮಗನ ಕೈಗೆ. ಯಜಮಾನನ ಬಗ್ಗೆ ಪ್ರೀತಿ ಅವನಿಗೆ ನಿಜವಾಗಿಯೂ ಇತ್ತು, ಅದರಿಂದಲೂ ಕೆಲವು ಮಾತು ಮೆತ್ತಗಾಗಿರುತ್ತವೆ.

ತನ್ನ ಬಗ್ಗೆ ಅವನು ಹೇಳಿಕೊಳ್ಳುವುದು ಕಡಿಮೆ. ಒಂದೇ ಕಡೆ ಸ್ವಲ್ಪ ಹೆಮ್ಮೆಯಿಂದ ಮಾತಾಡುತ್ತಾನೆ. ಪಂಜಾಬು ಮತ್ತೆ ಕೈವಶವಾದಾಗ ಹುಮಾಯೂನ್ ಅವನನ್ನು ಹೈಬತ್‌ಪುರ ಅನ್ನುವ ಕಡೆ ಕಂದಾಯ ವಸೂಲಿಗೆ ನೇಮಿಸಿದ. ಅಲ್ಲಿನ ಆಫ್ಘನ್ ರೈತರು ಕಂದಾಯದ ಬಾಕಿಗಾಗಿ ಹೆಂಡತಿ ಮಕ್ಕಳನ್ನೇ ಸಾಹುಕಾರರ ಹತ್ತಿರ ಒತ್ತೆಯಿಟ್ಟಿದ್ದರು. ಜೌಹರ್ ಹಗೇವುಗಳನ್ನು, ಅಂದರೆ ಕಾಳು ತುಂಬಿಡುವ ನೆಲದ ಗುಂಡಿಗಳನ್ನು, ಹುಡುಕಿ ತೆಗೆಸಿ, ಕಾಳು ಮಾರಿಸಿ, ಆ ದುಡ್ಡಿನಲ್ಲಿ ಸಾಲ ತೀರಿಸಿ ಅವರನ್ನೆಲ್ಲ ಬಿಡಿಸಿದ. ಬಾದಶಾಹ ಮೆಚ್ಚಿ ಇನ್ನೂ ದೊಡ್ಡ ಜವಾಬ್ದಾರಿ ಕೊಟ್ಟ, ಆಮೇಲೆ ಅವನು ಖಜಾಂಚಿಯೂ ಆದ. ಆಫ್ತಾಬ್ಚಿಯಿಂದ ಖಜಾಂಚಿಗೆ. ಮೊಗಲರ ಮನೆವಾರ್ತೆಗೂ ಸರ್ಕಾರಕ್ಕೂ ನಡುವೆ ನಾವು ಇವತ್ತು ಹಾಕುವಂಥ ಗೆರೆ ಇರಲಿಲ್ಲ. ಚೀಲ ವಾಪಸು ತಂದುಕೊಟ್ಟವನಿಗೆ ಪರಗಣೆಯ ದುಡ್ಡನ್ನೂ ನಂಬಿ ಕೊಡಬಹುದು ಅನ್ನುವುದು ಅಲ್ಲಿನ ಲೆಕ್ಕಾಚಾರ.

ಅದಕ್ಕೆ ಎರಡು ವರ್ಷ ಮುಂಚೆ, 1553ರಲ್ಲಿ, ಅವನಿಗೆ ಇನ್ನೊಂದು ಕೆಲಸ ಬಿದ್ದಿತ್ತು. ಹುಮಾಯೂನನ ಮಲತಮ್ಮ ಕಾಮ್ರಾನ್ ವರ್ಷಗಟ್ಟಲೆ ಅಣ್ಣನ ವಿರುದ್ಧ ಕಾದಾಡಿ, ಕೊನೆಗೆ ಪಂಜಾಬಿನ ಗಖ್ಖರ್ ಬುಡಕಟ್ಟಿನ ನಾಯಕ ಸುಲ್ತಾನ್ ಆದಮನ ಕೈಗೆ ಸಿಕ್ಕಿ ಹುಮಾಯೂನನ ವಶಕ್ಕೆ ಬಂದಿದ್ದ. ಸರದಾರರೆಲ್ಲ ಇವನು ಇರುವ ತನಕ ನಮಗೆ ನೆಮ್ಮದಿಯಿಲ್ಲ ಅಂತ ಪಟ್ಟು ಹಿಡಿದರು. ಸೆರೆಯಲ್ಲಿದ್ದ ಕಾಮ್ರಾನನ ಸೇವೆಗೆ ಹಾಕಿದವರಲ್ಲಿ ಜೌಹರ್ ಒಬ್ಬ.

ಡೇರೆಯಲ್ಲಿ ಕಾಮ್ರಾನ್ ಅವನನ್ನು ಕೇಳಿದ, ಅಣ್ಣನ ಹತ್ತಿರ ಎಷ್ಟು ವರ್ಷದಿಂದ ಇದ್ದೀಯ? ಹತ್ತೊಂಬತ್ತು ವರ್ಷ ಅಂದ. ಹಳೆಯ ಆಳು ನೀನು ಅಂದ ಕಾಮ್ರಾನ್. ಈ ಸಲದ ರಂಜಾನಿನಲ್ಲಿ ನನ್ನ ಆರು ಉಪವಾಸ ತಪ್ಪಿಹೋಗಿವೆ, ನನ್ನ ಬದಲು ನೀನು ಹಿಡಿಯುತ್ತೀಯಾ ಅಂತ ಕೇಳಿದ. ಹಿಡಿಯುತ್ತೇನೆ, ಆದರೆ ತಾವೇ ಹಿಡಿಯುವಂತಾಗುತ್ತದೆ, ಧೈರ್ಯವಾಗಿರಿ ಅಂದ ಜೌಹರ್. ನನ್ನನ್ನು ಕೊಲ್ಲುತ್ತಾರೆ ಅನಿಸುತ್ತಾ? ದೊರೆಗಳ ಮನಸ್ಸು ದೊರೆಗಳಿಗೇ ಗೊತ್ತು, ಆದರೆ ತನ್ನ ತೋಳನ್ನು ತಾನೇ ಕಡಿದುಕೊಳ್ಳುವವನು ಯಾರೂ ಇಲ್ಲ, ನಮ್ಮ ಒಡೆಯರು ಕರುಣೆಯುಳ್ಳವರು ಅಂದ. ಆಳೊಬ್ಬ ಆ ಹೊತ್ತಲ್ಲಿ ಹೇಳಬಹುದಾಗಿದ್ದು ಅಷ್ಟೇ.

ಮರುದಿನ ಅಪ್ಪಣೆ ಬಂತು. ಕೊಲ್ಲುವುದು ಬೇಡ, ಕಣ್ಣು ತೆಗೆಯಿರಿ. ಆಗ ಸೇವಕರ ನಡುವೆಯೇ ಜಗಳ ಶುರುವಾಯಿತು, ಯಾರು ಮಾಡಬೇಕು? ನೀನು ಮಾಡು ಅಂತ ಒಬ್ಬ ಇನ್ನೊಬ್ಬನಿಗೆ ಹೇಳಿದ. ಅವನು, ಬಾದಶಾಹರ ಅಪ್ಪಣೆ ಇಲ್ಲದೆ ಒಂದು ಶಾಹ್ರುಖಿ ಕೊಡದವನು ನೀನು, ಅವರ ಬಾಯಿಂದಲೇ ಕೇಳದೆ ನಾನು ಯಾಕೆ ಇದನ್ನು ಮಾಡಲಿ, ನಾಳೆ ನನ್ನ ತಮ್ಮನ ಕಣ್ಣು ಯಾಕೆ ಕಿತ್ತೆ ಅಂತ ಕೇಳಿದರೆ ಏನು ಹೇಳಲಿ ಅಂದ. ಬಾದಶಾಹನ ಹತ್ತಿರವೇ ಹೋದರು. ಬೈಸಿಕೊಂಡು ಬಂದರು. ಯಾವ ಆಸ್ಥಾನದ ಇತಿಹಾಸಕಾರನಿಗೂ ಈ ತಳ್ಳಾಟ ಗೊತ್ತಾಗುತ್ತಿರಲಿಲ್ಲ. ಅಪ್ಪಣೆ ಮೇಲಿಂದ ಒಂದೇ ಸಾಲಿನಲ್ಲಿ ಬರುತ್ತದೆ, ಕೆಳಗೆ ಅದನ್ನು ಕೈಯಿಂದ ಮಾಡಬೇಕಾದವರು ಹೀಗೆ ಒದ್ದಾಡುತ್ತಾರೆ.

ಬಾಯಿಗೆ ಬಟ್ಟೆ ತುರುಕಿ ಮಲಗಿಸಿದರು. ಚೂರಿಯ ಮೊನೆಯಿಂದ ಐವತ್ತಕ್ಕೂ ಹೆಚ್ಚು ಸಲ ಕಣ್ಣಿಗೆ ಚುಚ್ಚಿದರು. ಕಾಮ್ರಾನ್ ನರಳಲಿಲ್ಲ. ತನ್ನ ಮಂಡಿಯ ಮೇಲೆ ಕೂತಿದ್ದವನಿಗೆ, ಯಾಕೆ ಸುಮ್ನೆ ನೋವು ಹೆಚ್ಚು ಮಾಡುತ್ತೀಯ ಅಂತ ಮಾತ್ರ ಕೇಳಿದ. ಆಮೇಲೆ ನಿಂಬೆರಸ ಮತ್ತು ಉಪ್ಪು ಹಾಕಿದಾಗ ತಡೆಯಲಾಗದೆ ದೇವರನ್ನು ಕೂಗಿದ, ನಾನು ಮಾಡಿದ ಪಾಪಕ್ಕೆ ಇಲ್ಲೇ ಶಿಕ್ಷೆ ಆಯಿತು, ಮುಂದೆ ಕರುಣೆ ತೋರಿಸು ಅಂತ.

ಜೌಹರ್‌ಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಪ್ಪಣೆ ಕೇಳದೆ ಎದ್ದು ತನ್ನ ಡೇರೆಗೆ ಬಂದು ತಲೆ ತಗ್ಗಿಸಿ ಕೂತ. ಹತ್ತೊಂಬತ್ತು ವರ್ಷದ ಚಾಕರಿಯಲ್ಲಿ ಹೇಳದೆ ಕೇಳದೆ ಕೆಲಸ ಬಿಟ್ಟು ಬಂದೆ ಅಂತ ಅವನು ಬರೆದುಕೊಂಡದ್ದು ಇದು. ಬಾದಶಾಹ ಅವನನ್ನು ನೋಡಿದ. ಪುಸ್ತಕಾಲಯದವನನ್ನು ಕಳಿಸಿ, ಒಪ್ಪಿಸಿದ ಕೆಲಸ ಮುಗಿಯಿತಾ, ಅಪ್ಪಣೆ ಇಲ್ಲದೆ ಯಾಕೆ ಬಂದ ಅಂತ ಕೇಳಿಸಿದ. ಮುಗಿಯಿತು ಅಂದ ಜೌಹರ್. ಹುಮಾಯೂನ್ ಬೈಯಲಿಲ್ಲ. ಅವನು ಮತ್ತೆ ಅಲ್ಲಿಗೆ ಹೋಗುವುದು ಬೇಡ, ನನ್ನ ಸ್ನಾನಕ್ಕೆ ನೀರು ಅಣಿ ಮಾಡಲಿ ಅಂತ ಹೇಳಿ ಕಳಿಸಿದ.